ಕ್ಯಾಸಂಬಳ್ಳಿಯ ರೆಡ್ಡಿಯವರು

ಆಂಡರ್ಸನ್‌ಪೇಟೆ ಕಡೆಯವನು ಅಂದ್ರೆ ಆಫೀಸಿನ ಗೆಳೆಯರು ಕೆಜಿಎಫ್ ಸಿನಿಮಾದ ಡೈಲಾಗ್ ಹೊಡೀತಾರೆ. ನಾನು ತಿರುಗಿ ಒಂದು ಪ್ರಶ್ನೆ ಹಾಕ್ತೀನಿ: ನಮ್ಮ ರಾಜ್ಯದ ಮೊದಲ ಮುಖ್ಯಮಂತ್ರಿ ಯಾರು? ಸುಮಾರು ಜನ ಕೆಂಗಲ್ ಹನುಮಂತಯ್ಯ ಅಂತಾರೆ. ಅಲ್ಲ, ಕೆ.ಸಿ. ರೆಡ್ಡಿ. 1902ರಲ್ಲಿ ಚಿನ್ನದ ಗಣಿಗೆ ಹತ್ತಿರದ ಕ್ಯಾಸಂಬಳ್ಳಿಯಲ್ಲಿ ಹುಟ್ಟಿದವರು.

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರಲ್ಲಿ ಮಾತ್ರ ಮಹಾರಾಜರ ಹೆಸರಲ್ಲಿ ದಿವಾನರ ಆಡಳಿತವೇ ನಡೀತಿತ್ತು. ಜನರಿಗೆ ಉತ್ತರ ಕೊಡೋ ಜವಾಬ್ದಾರಿ ಸರ್ಕಾರ ಬೇಕು ಅಂತ ಸೆಪ್ಟೆಂಬರಲ್ಲಿ 'ಮೈಸೂರು ಚಲೋ' ಶುರುವಾಯ್ತು. ರೆಡ್ಡಿಯವರು ಜೈಲು ಸೇರಿದರು. ಚಳವಳಿ ನಿಲ್ಲಲಿಲ್ಲ, ಅರಮನೆ ಒಪ್ಪಬೇಕಾಯ್ತು. ಅದೇ ರೆಡ್ಡಿಯವರು ಅಕ್ಟೋಬರ್ 25ರಂದು ಮುಖ್ಯಮಂತ್ರಿಯಾದರು.

1951ರಲ್ಲಿ ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದಾಗಲೂ ಅಧಿಕಾರದಲ್ಲಿದ್ದವರು ಇವರೇ. 1952ರ ಚುನಾವಣೆಯ ನಂತರ ಹನುಮಂತಯ್ಯ ಬಂದರು, ಸೌಧ ಎದ್ದು ನಿಂತಿತು, ಹೆಸರು ಅವರದಾಯ್ತು. ರೆಡ್ಡಿಯವರು ದೆಹಲಿಯಲ್ಲಿ ಕೇಂದ್ರ ಸಚಿವರಾಗಿ, ಆಮೇಲೆ ಮಧ್ಯಪ್ರದೇಶದ ರಾಜ್ಯಪಾಲರಾಗಿ, 1976ರಲ್ಲಿ ತೀರಿಕೊಂಡರು.

ಕಟ್ಟಡ ಕಣ್ಣಿಗೆ ಕಾಣುತ್ತೆ, ಹಕ್ಕು ಕಾಣಲ್ಲ. ಅದಕ್ಕೇ ಕಟ್ಟಿದವರು ನೆನಪಿರ್ತಾರೆ, ಕೇಳಿ ಗಳಿಸಿಕೊಟ್ಟವರು ಮರೆತುಹೋಗ್ತಾರೆ.

2001ರಲ್ಲಿ ಗಣಿ ಮುಚ್ಚಿತು. ಇವತ್ತಿಗೂ ಬೆಳಗ್ಗೆ ಮಾರಿಕುಪ್ಪಂ ರೈಲಿನ ತುಂಬ ಬೆಂಗಳೂರಿಗೆ ಕೂಲಿ, ಕೆಲಸ ಅಂತ ಹೊರಟ ನಮ್ಮ ಜನ. ಸರ್ಕಾರ ಉತ್ತರ ಕೊಡಲೇಬೇಕು ಅಂತ ಜೈಲಿಗೆ ಹೋದವರ ಸೀಮೆ ಇದು. ಆ ಉತ್ತರಕ್ಕೆ ಅವರ ಊರಿನವರೇ ಇನ್ನೂ ಕಾಯ್ತಿದ್ದಾರೆ.