ಹಂಚಿಕೆಗೆ ಮೊದಲು ನಕಲು



ನಿಮ್ಮ ಚರ್ಮದ ಒಂದು ಜೀವಕೋಶದಲ್ಲಿ 46 ವರ್ಣತಂತುಗಳಿವೆ. ಆ ಕೋಶ ಎರಡಾದರೆ ಒಂದೊಂದಕ್ಕೆ 23 ಸಿಗಬೇಕಲ್ಲವೇ? ಆದರೆ ಎರಡರಲ್ಲೂ ಮತ್ತೆ 46 ಇರುತ್ತವೆ. ಈ ಲೆಕ್ಕ ಬಿಡಿಸಲು ವಿಜ್ಞಾನಿಗಳಿಗೆ ಮುಕ್ಕಾಲು ಶತಮಾನವೇ ಹಿಡಿಯಿತು.

ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಸಾಲಮಾಂಡರ್ ಮರಿಗಳ ಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪ್ರತಿ ವರ್ಣತಂತುವೂ ಉದ್ದಕ್ಕೆ ಸೀಳಿ ಎರಡಾಗುತ್ತದೆಂದು 1882ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಹಾಗಾದರೆ ಅದು ಜೋಡಿಯಾದದ್ದು ಯಾವಾಗ?

ಎರಡು ವಿಭಜನೆಗಳ ನಡುವಿನ ಕಾಲವನ್ನು ಆಗ ಕೋಶದ 'ವಿಶ್ರಾಂತಿ' ಎಂದೇ ಭಾವಿಸಿದ್ದರು. ಲಂಡನ್ನಿನಲ್ಲಿ ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಬೀನ್ಸ್ ಜಾತಿಯ ಗಿಡದ ಬೇರಿಗೆ ವಿಕಿರಣಶೀಲ ರಂಜಕವನ್ನು ಉಣಿಸಿದರು. 1953ರ ಹೊತ್ತಿಗೆ ಉತ್ತರ ಸ್ಪಷ್ಟವಾಯಿತು: ಡಿಎನ್‌ಎ ತಯಾರಾಗುವುದು ವಿಭಜನೆಗೆ ಗಂಟೆಗಟ್ಟಲೆ ಮೊದಲು, ಆ 'ವಿಶ್ರಾಂತಿ'ಯ ಕಾಲದಲ್ಲೇ!

ಅದೇ ವರ್ಷ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಜೋಡಿ ಸುರುಳಿಯನ್ನು ವಿವರಿಸಿದರು. ಎಳೆಗಳು ಬೇರೆಯಾಗಿ, ಒಂದೊಂದೂ ಹೊಸ ಎಳೆಗೆ ಅಚ್ಚಾಗಬಹುದೆಂದು ಊಹಿಸಿದರು. ಊಹೆಗೆ ಪುರಾವೆ ಬೇಕಲ್ಲ! 1958ರಲ್ಲಿ ಅಮೆರಿಕದ ಮೆಸೆಲ್ಸನ್ ಮತ್ತು ಸ್ಟಾಲ್ ಅದನ್ನು ಒದಗಿಸಿದರು. ಭಾರದ ಸಾರಜನಕದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಸಾಮಾನ್ಯ ಸಾರಜನಕಕ್ಕೆ ವರ್ಗಾಯಿಸಿದರು. ಒಂದು ಪೀಳಿಗೆಯ ನಂತರ ಡಿಎನ್‌ಎಯ ಸಾಂದ್ರತೆ ಸರಿಯಾಗಿ ನಡುಮಧ್ಯೆ ಇತ್ತು. ಎರಡನೆಯ ಪೀಳಿಗೆಯಲ್ಲಿ ಅರ್ಧ ನಡುಮಧ್ಯದ್ದು, ಅರ್ಧ ಹಗುರವಾದದ್ದು. ಅಂದರೆ ಪ್ರತಿ ಹೊಸ ಅಣುವಿನಲ್ಲೂ ಒಂದು ಹಳೆಯ ಎಳೆ, ಒಂದು ಹೊಸ ಎಳೆ.

ನಕಲು ಮೊದಲೇ ಏಕೆ ಆಗಬೇಕು? ವಿಭಜನೆಯ ವೇಳೆಗೆ ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಆಗ ಎಳೆ ಬಿಡಿಸಿ ನಕಲು ಮಾಡುವುದು ಕಷ್ಟ. ಇನ್ನೂ ಮುಖ್ಯವಾದ ಕಾರಣವಿದೆ. ನಕಲಾದ ಜೋಡಿಯನ್ನು ಪ್ರೋಟೀನಿನ ಬಳೆಗಳು ಹಿಡಿದಿಡುತ್ತವೆ. ಜೋಡಿ ಕೂಡಿದ್ದರೆ ತಾನೇ ಎರಡು ಕಡೆಯಿಂದ ಎಳೆದು ಒಂದೊಂದನ್ನು ಒಂದೊಂದು ಕೋಶಕ್ಕೆ ತಪ್ಪದೆ ಹಂಚಲು ಸಾಧ್ಯ? ನಕಲು ಮಾಡದೆ ಹಂಚಿದರೆ ಮರಿಕೋಶಗಳಿಗೆ ಅಗತ್ಯವಾದ ಮಾಹಿತಿಯೇ ಕೈತಪ್ಪುತ್ತದೆ.

ಅಂಡಾಣು, ವೀರ್ಯಾಣುಗಳಲ್ಲಿ 23 ಮಾತ್ರ ಇರುತ್ತವಲ್ಲ ಎಂದು ನೀವು ಕೇಳಬಹುದು. ಅಲ್ಲಿಯೂ ಮೊದಲು ನಕಲಾಗುತ್ತದೆ. ಅನಂತರ ಕೋಶ ಎರಡು ಬಾರಿ ವಿಭಜನೆಗೊಳ್ಳುತ್ತದೆ, ಅಷ್ಟೆ.

ಮನುಷ್ಯನ ಕೋಶವೊಂದು ಸುಮಾರು 600 ಕೋಟಿ ಜೋಡಿ ಅಕ್ಷರಗಳನ್ನು ಸುಮಾರು 8 ಗಂಟೆಗಳಲ್ಲಿ ನಕಲು ಮಾಡುತ್ತದೆ, ತಪ್ಪುಗಳನ್ನೂ ತಿದ್ದುತ್ತದೆ. ತಿದ್ದದೆ ಉಳಿದ ಕೆಲವು ತಪ್ಪುಗಳು ಕ್ಯಾನ್ಸರಿಗೆ ದಾರಿಯಾಗಬಲ್ಲವು. ಕಳೆದ ವಾರ ನಿಮ್ಮ ಬೆರಳಿಗಾದ ಗಾಯ ಮಾಯ್ದಿದ್ದರೆ, ಈ ಕೆಲಸ ಅಲ್ಲಿ ಸದ್ದಿಲ್ಲದೆ ನಡೆದಿದೆ ಎಂದೇ ಅರ್ಥ.