ನೀರಿಗಿಳಿಯದ ಇಂಗಾಲ, ಅದನ್ನು ಹಿಡಿದಿಡುವ ಜೆಲ್

ಲಿಥಿಯಂ-ಅಯಾನ್ ಬ್ಯಾಟರಿಯ ಕ್ಯಾಥೋಡ್‌ನಲ್ಲಿ ವಿದ್ಯುತ್ ಸರಾಗವಾಗಿ ಹರಿಯಲಿ ಅಂತ ಬೆರೆಸುವ ಪುಡಿಗಳಲ್ಲಿ ಕಾರ್ಬನ್ ನ್ಯಾನೋಟ್ಯೂಬ್ ಕೂಡ ಒಂದು. ಜಪಾನಿನ ಸುಮಿಯೋ ಇಜಿಮಾ 1991ರಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ಜಗತ್ತಿನ ಕಣ್ಣು ಇತ್ತ ಬಿತ್ತು. ಗುಣಗಳ ಪಟ್ಟಿ ಉದ್ದ ಇದೆ, ಬಿಡಿ. ಅದೆಲ್ಲ ಒಂದು ಕೆಲಸದ ಮೇಲೆ ನಿಂತಿದೆ: ಗಂಟಾಗಿರುವ ಈ ಕೊಳವೆಗಳನ್ನು ಬಿಡಿಬಿಡಿಯಾಗಿಸಬೇಕು. ಅದೂ ಸಾಧ್ಯವಾದರೆ ನೀರಿನಲ್ಲೇ.

ಗಂಟು ಯಾಕೆ ಕಟ್ಟುತ್ತದೆ? ಒಂದೇ ಗೋಡೆಯ ನ್ಯಾನೋಟ್ಯೂಬಿನ ವ್ಯಾಸ ಸುಮಾರು 1 ನ್ಯಾನೋಮೀಟರ್, ಉದ್ದ ಅದರ ಸಾವಿರ ಪಟ್ಟು ಅಥವಾ ಇನ್ನೂ ಹೆಚ್ಚು. ಎರಡು ಕೊಳವೆಗಳು ಪಕ್ಕಪಕ್ಕ ಬಂದರೆ ಉದ್ದಕ್ಕೂ ಅಂಟಿಕೊಳ್ಳುತ್ತವೆ. ಪ್ರತಿ ಪರಮಾಣುವಿನ ಮೇಲಿನ ವ್ಯಾನ್ ಡರ್ ವಾಲ್ಸ್ ಸೆಳೆತ ತೀರಾ ದುರ್ಬಲ. ಆದರೆ ಸಾವಿರಾರು ಪರಮಾಣುಗಳ ಸೆಳೆತ ಒಟ್ಟಾದಾಗ ಬಿಡಿಸುವುದು ಕಷ್ಟ. ನೀರಿಗೂ ಇಂಗಾಲದ ಗೋಡೆಗೂ ಆಗಿಬರುವುದಿಲ್ಲ. ಹಾಗಾಗಿ ನೀರಿಗೆ ಹಾಕಿದ ಪುಡಿ ಕುದಿನೀರಿಗೆ ಒಮ್ಮೆಲೇ ಸುರಿದ ರಾಗಿ ಹಿಟ್ಟಿನ ಹಾಗೆ ಗಂಟಾಗಿಯೇ ಉಳಿಯುತ್ತದೆ.

ಕಾರ್ಖಾನೆಗಳು ಬಳಸುವ ಸುಲಭದ ದಾರಿ ಎನ್‌ಎಂಪಿ ಎಂಬ ದ್ರಾವಕ. ಕೆಲಸ ಚೆನ್ನಾಗಿ ಮಾಡುತ್ತದೆ. ಆದರೆ ಸಂತಾನೋತ್ಪತ್ತಿಗೆ ಹಾನಿಕರ ಅಂತ ಐರೋಪ್ಯ ಒಕ್ಕೂಟ 2020ರ ಮೇ ತಿಂಗಳಿಂದ ಅದರ ಬಳಕೆಗೆ ಕಟ್ಟುನಿಟ್ಟಿನ ಮಿತಿ ಹೇರಿದೆ. ಇನ್ನೊಂದು ದಾರಿ ಸೋಪಿನಂಥ ಅಣುಗಳು: ಶ್ರವಣಾತೀತ ಶಬ್ದದಿಂದ ಗಂಟು ಒಡೆದು, ಬಿಡಿಯಾದ ಕೊಳವೆಗೆ ಸೋಪಿನ ಹೊದಿಕೆ ತೊಡಿಸುವುದು. ಹೆಚ್ಚು ಹೊತ್ತು ಶಬ್ದ ಕೊಟ್ಟರೆ ಕೊಳವೆಯೇ ತುಂಡಾಗುತ್ತದೆ, ಕಡಿಮೆಯಾದರೆ ಗಂಟು ಹಾಗೇ ಇರುತ್ತದೆ.

ಜೆಲ್ ಬರುವುದು ಇಲ್ಲಿ. ಹಾಲು ಮೊಸರಾಗುವುದನ್ನೇ ನೋಡಿ. ಹುಳಿ ಏರಿದಂತೆ ಹಾಲಿನ ಪ್ರೋಟೀನ್‌ಗಳು ತಾವಾಗಿ ಕೈಕೈ ಹಿಡಿದು ಬಲೆಯಾಗುತ್ತವೆ, ನೀರು ಅದರೊಳಗೆ ನಿಂತುಬಿಡುತ್ತದೆ. ಎಫ್‌ಮಾಕ್-ಡೈಫೆನೈಲಲನೀನ್ ಎಂಬ ಪುಟ್ಟ ಪೆಪ್ಟೈಡ್ ಕೂಡ ಹೀಗೇ ಮಾಡುತ್ತದೆ. ಕ್ಷಾರದ ನೀರಿನಲ್ಲಿ ಕರಗಿಸಿ, ನಿಧಾನವಾಗಿ ಆಮ್ಲ ಬಿಡುವ ಗ್ಲೂಕೊನೊ-ಡೆಲ್ಟಾ-ಲ್ಯಾಕ್ಟೋನ್ ಹಾಕಿದರೆ ಅಣುಗಳು ನೂಲಾಗಿ, ನೂಲು ಬಲೆಯಾಗಿ, 99%ಗಿಂತ ಹೆಚ್ಚು ನೀರೇ ಇರುವ ಜೆಲ್ ಸಿದ್ಧ. ಹೊಸ ರಾಸಾಯನಿಕ ಬಂಧ ಬೇಕಿಲ್ಲ. ಈ ಅಣುವಿನ ಚಪ್ಪಟೆ ಉಂಗುರಗಳು ತಮ್ಮತಮ್ಮಲ್ಲಿ ಒತ್ತಿ ಕೂರುವಂತೆಯೇ ನ್ಯಾನೋಟ್ಯೂಬಿನ ಗೋಡೆಗೂ ಒತ್ತಿ ಕೂರಬಲ್ಲವು. ನೀರನ್ನು ಒಲ್ಲೆ ಎನ್ನದ ತುದಿ ಹೊರಗಿರುತ್ತದೆ. ಅಂದರೆ ಬಿಡಿಸುವುದೂ ಅದೇ, ಬಿಡಿಸಿದ್ದನ್ನು ಮತ್ತೆ ಅಂಟದಂತೆ ಬಲೆಯಲ್ಲಿ ಹಿಡಿದಿಡುವುದೂ ಅದೇ. ಮತ್ತೆ ಕ್ಷಾರ ಹಾಕಿದರೆ ಬಲೆ ಸಡಿಲ. ಈ ತಿರುಗುಮುರುಗು ಗುಣ ಸಾಮಾನ್ಯ ಸೋಪಿಗಿಲ್ಲ.

ನಮ್ಮ ಪಿತ್ತಕೋಶದ ಲವಣಗಳೂ ಈ ಆಟಕ್ಕಿವೆ. ಕೊಬ್ಬು ಕರಗಿಸಲು ದೇಹ ಬಳಸುವ ಈ ಅಣುಗಳ ಒಂದು ಮುಖಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ. ಸೋಡಿಯಂ ಕೋಲೇಟ್ ನ್ಯಾನೋಟ್ಯೂಬ್ ಬಿಡಿಸುವುದರಲ್ಲಿ ಪಳಗಿದ ಕೈ. 2006ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಬಳಸಿ ಕೊಳವೆಗಳನ್ನು ವ್ಯಾಸದ ಪ್ರಕಾರ ವಿಂಗಡಿಸಿದರು. ಪಿತ್ತಾಮ್ಲಗಳಿಂದ ಜೆಲ್ ಕಟ್ಟುವ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉದಯ್ ಮೈತ್ರ ಅವರ ತಂಡದ್ದು ದೊಡ್ಡ ಹೆಸರು. ಅಂದಹಾಗೆ, ಕೊಳವೆಗಳು ನಿಜಕ್ಕೂ ಬಿಡಿಯಾಗಿವೆಯೇ ಅಂತ ನೋಡಲು ಲ್ಯಾಬುಗಳು ನೆಚ್ಚುವ ಒಂದು ವಿಧಾನ ರಾಮನ್ ರೋಹಿತ. ಯಾರ ಹೆಸರು ಅಂತ ಹೇಳಬೇಕಿಲ್ಲ.

ತೊಡಕುಗಳಿಲ್ಲವೇ? ಇವೆ. ಗೋಡೆಗೆ ಅಂಟಿದ ಜೆಲ್ ಅಣು ವಿದ್ಯುತ್ತಿಗೆ ಅಡ್ಡ ಬರುತ್ತದೆ, ತೊಳೆದರೆ ಮತ್ತೆ ಗಂಟು. ಶುದ್ಧ ಪೆಪ್ಟೈಡ್ ಸೋಪಿನಷ್ಟು ಅಗ್ಗವೂ ಅಲ್ಲ.

ಇನ್ನು ಯಾರೂ ಪೋಸ್ಟರಿನಲ್ಲಿ ಹಾಕದ ವಿಷಯ. ಉದ್ದನೆಯ ಬಹುಗೋಡೆ ನ್ಯಾನೋಟ್ಯೂಬ್ ಇಲಿಗಳ ಹೊಟ್ಟೆಯ ಒಳಪೊರೆಯಲ್ಲಿ ಕಲ್ನಾರಿನಂತೆಯೇ ಉರಿಯೂತ ಎಬ್ಬಿಸಿದ್ದು 2008ರಲ್ಲಿ ವರದಿಯಾಯಿತು. ಎಂಡಬ್ಲ್ಯುಸಿಎನ್‌ಟಿ-7 ಎಂಬ ಬಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 'ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದದ್ದು' ಎಂಬ ಪಟ್ಟಿಗೆ ಸೇರಿಸಿದೆ. ಒಣ ಪುಡಿ ಗಾಳಿಗೆ ಹಾರಿ ಶ್ವಾಸಕೋಶ ಸೇರುತ್ತದೆ. ಒದ್ದೆ ಜೆಲ್ ಹಾರುವುದಿಲ್ಲ. ನನ್ನ ಮಟ್ಟಿಗೆ ಜೆಲ್‌ನ ದೊಡ್ಡ ಲಾಭ ಇದೇ, ಬ್ಯಾಟರಿಯ ದಕ್ಷತೆ ಆಮೇಲಿನ ಮಾತು. ಆದರೆ 'ನೀರು ಆಧಾರಿತ' ಎಂಬ ಹಸಿರು ಲೇಬಲ್ ನೋಡಿ ಖುಷಿಪಡುವ ಮುನ್ನ ಎರಡು ಪ್ರಶ್ನೆ ಕೇಳಿ: ಪುಡಿಯನ್ನು ಮೊದಲು ನೀರಿಗೆ ಸುರಿಯುವವರು ಯಾರು? ಪಾತ್ರೆ ತೊಳೆದ ನೀರು ಯಾವ ಚರಂಡಿಗೆ ಹೋಗುತ್ತದೆ? ನೀರಿನಲ್ಲಿ ಚೆನ್ನಾಗಿ ಬೆರೆಯುವಂತೆ ಮಾಡಿದ ವಸ್ತು ಕೆರೆಯಲ್ಲೂ ಚೆನ್ನಾಗಿಯೇ ಬೆರೆಯಬಹುದು.

ಕಲ್ನಾರಿನ ಕತೆ ನಮಗೆ ಗೊತ್ತು. ಕಾರ್ಮಿಕರ ಆರೋಗ್ಯ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ ಅವರ ಆರೋಗ್ಯದ ದಾಖಲೆ ಇಟ್ಟಿರಬೇಕು ಅಂತಲೂ ಆ ತೀರ್ಪಿನಲ್ಲಿತ್ತು, ಯಾಕೆಂದರೆ ಆ ರೋಗ ಕಾಣಿಸಿಕೊಳ್ಳಲು ದಶಕಗಳೇ ಬೇಕು. ಇವತ್ತು ನ್ಯಾನೋಟ್ಯೂಬ್ ತೂಗಿ ಕೊಡುವ ಹುಡುಗ ಗುತ್ತಿಗೆಯವನಾದರೆ ಅವನ ದಾಖಲೆ 11 ತಿಂಗಳಾದರೂ ಇರುತ್ತದೆಯೇ?