ಹೆಸರು ಮರಳಿ ಪಡೆದ ಉಪ್ಪಿನ ಸರೋವರ

ಆಸ್ಟ್ರೇಲಿಯಾದ ಭೂಪಟದಲ್ಲಿ ‘ಐರ್ ಸರೋವರ’ವನ್ನು ನೀವು ನೋಡಿರಬಹುದು. ಅದರ ನೀಲಿ ಬಣ್ಣವನ್ನು ನಂಬಬೇಡಿ. ಹೆಚ್ಚಿನ ವರ್ಷಗಳಲ್ಲಿ ಮರುಭೂಮಿಯ ನಡುವೆ ಅಲ್ಲಿರುವುದು ಬರೀ ಉಪ್ಪು. ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ತಗ್ಗಾದ ಈ ನೆಲಕ್ಕೆ ದೂರದ ಕ್ವೀನ್ಸ್‌ಲ್ಯಾಂಡ್‌ನ ಮಳೆನೀರು ನದಿಗಳಲ್ಲಿ ಹರಿದುಬಂದಾಗ ಮಾತ್ರ ಅದು ಸರೋವರ. 1974ರಲ್ಲಿ ಹಾಗೆ ತುಂಬಿತ್ತು.

1840ರಲ್ಲಿ ಇದನ್ನು ಕಂಡ ಎಡ್ವರ್ಡ್ ಐರ್ ಎಂಬ ಆಂಗ್ಲ ಅನ್ವೇಷಕನ ಹೆಸರನ್ನೇ ಮುಂದೆ ಇದಕ್ಕೆ ಇಟ್ಟರು. ಅಲ್ಲಿನ ಮೂಲನಿವಾಸಿಗಳಾದ ಅರಬಾನ ಜನರಿಗೆ ಇದು ‘ಕಾಟಿ ತಾಂಡಾ’, ಪವಿತ್ರ ಸ್ಥಳ. (ಹೆಸರು ಕೇಳಿ ಅರಬರ ನೆನಪಾದೀತು; ಸಂಬಂಧವೇನಿಲ್ಲ.) 1964ರಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಇದೇ ಉಪ್ಪಿನ ಮೇಲೆ ಗಂಟೆಗೆ 403 ಮೈಲಿ ವೇಗದಲ್ಲಿ ಕಾರು ಓಡಿಸಿ ದಾಖಲೆ ಮಾಡಿದ. 1985ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದಾಗಲೂ ಹೆಸರು ಐರ್‌ನದೇ.

ಬ್ರಿಟಿಷರು ಬರುವ ಮೊದಲು ಆ ನೆಲಕ್ಕೆ ಒಡೆಯರೇ ಇರಲಿಲ್ಲವೆಂಬ ವಾದವನ್ನು 1992ರಲ್ಲಿ ಮಾಬೊ ಮೊಕದ್ದಮೆಯಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯ ತಳ್ಳಿಹಾಕಿತು. ಆಮೇಲೂ ಅರಬಾನರು ಇಪ್ಪತ್ತು ವರ್ಷ ಕಾಯಬೇಕಾಯಿತು. 2012ರಲ್ಲಿ ನ್ಯಾಯಾಲಯ ಅವರ ಹಕ್ಕನ್ನು ಒಪ್ಪಿತು. ಅದೇ ವರ್ಷ ಸರೋವರಕ್ಕೆ ‘ಕಾಟಿ ತಾಂಡಾ–ಐರ್’ ಎಂಬ ಜೋಡಿ ಹೆಸರು ಬಂತು. ಈಗ ಸರ್ಕಾರದೊಂದಿಗೆ ಅವರೂ ಉದ್ಯಾನವನ್ನು ನೋಡಿಕೊಳ್ಳುತ್ತಾರೆ. ಪ್ರವಾಸಿಗರು ದಡದಲ್ಲೇ ನಿಂತು ನೋಡಬೇಕು. ಅನುಮತಿಯಿಲ್ಲದೆ ಉಪ್ಪಿನ ಮೇಲೆ ಕಾಲಿಡುವಂತಿಲ್ಲ.